ಬೇಲಿಯಂಚಿನ ಹುಳಿಮಾವು

"ಯಾವ ಮಾವು?" ಎಂದು ಸುಬ್ಬ ಎರಡನೇ ಸಲ ಕೇಳಿದ. ಅವನ ಹೆಗಲ ಮೇಲೆ ಕೊಡಲಿ ಇತ್ತು. ಹಿಂದೆ ಗರಗಸ ಹಿಡಿದ ಇಬ್ಬರು ನಿಂತಿದ್ದರು. ಮೊದಲ ಸಲ ಕೇಳಿದಾಗ ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಸತ್ತವರ ಹಿತ್ತಲಿನದೇ ಒಂದು ಮಾವು ಕಡಿದು ಚಿತೆಗೆ ಹಾಕುವುದು ಭಾವಿಕೇರಿಯಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಬೇರೆ ಮನೆಯಾಗಿದ್ದರೆ ಅದು ಕೇಳುವ ಮಾತೇ ಅಲ್ಲ, ಹತ್ತಿರದ್ದೊಂದು ನೋಡಿ ಕಡಿದರಾಯಿತು. ಆದರೆ ಈ ಮನೆಯ ಮರಕ್ಕೆ ಮಂಗಲಕ್ಕನನ್ನು ಕೇಳದೆ ಕೊಡಲಿ ತಾಗಿಸುವಷ್ಟು ಎದೆಗಾರಿಕೆ ಊರಲ್ಲಿ ಯಾರಿಗೂ ಇರಲಿಲ್ಲ.

ಮಂಗಲಾ ಜಗಲಿಯಲ್ಲಿ ಗಂಡನ ತಲೆಯ ಬಳಿ ಕೂತಿದ್ದಳು. ಬೆಳಗಿನ ಚಹಾ ಕುಡಿದ ಶಾಂತಾರಾಮ, ಎದೆಯಲ್ಲಿ ಎಂತದೋ ಆಗ್ತದೆ ಅಂದ. ಅವಳು ನೀರು ತರುವಷ್ಟರಲ್ಲಿ ಗೋಡೆಗೆ ಒರಗಿ ಹೋಗಿಬಿಟ್ಟಿದ್ದ. ಹೋಗುವಾಗಲೂ ಯಾರಿಗೂ ತ್ರಾಸು ಕೊಡಲಿಲ್ಲ ಪುಣ್ಯಾತ್ಮ ಎಂದು ಬಂದ ಹೆಂಗಸರೆಲ್ಲ ಹೇಳುತ್ತಿದ್ದರು.

ಸದಾಶಿವಗಡದಲ್ಲಿ ಅಂಗಡಿ ಇಟ್ಟಿದ್ದ ಮೈದುನ ಉಮಾಕಾಂತ ಸುದ್ದಿ ತಿಳಿದ ಕೂಡಲೇ ಬಂದು ಎಲ್ಲ ಉಸ್ತುವಾರಿ ವಹಿಸಿಕೊಂಡಿದ್ದ. ಅವನು ಜಗಲಿಯ ಹತ್ತಿರ ಬಂದು ದನಿ ತಗ್ಗಿಸಿದ. "ವೈನಿ, ಹೊತ್ತಾಗ್ತದೆ. ಬಾಗ್ಲೆದ್ರಿನ ಕರಿ ಈಶಾಡ ಮಾವು ಕಡಿವನಾ?"

"ಅದು ಹೂ ಬಿಟ್ಟದೆ. ಬ್ಯಾಡ," ಅಂದಳು ಮಂಗಲಾ. "ಬೇಲಿ ಅಂಚಿಂದು ಹುಳಿಮಾವು ಕಡೀಲಿ. ಹ್ಯಾಂಗೂ ಹೋದ ಮಳೆಗಾಲದಿಂದ ಒಣಗ್ತಾ ಬಂದದೆ."

ಸುಬ್ಬ ತಲೆಯಾಡಿಸಿ ತೋಟಕ್ಕೆ ಇಳಿದ. ಹೆಂಗಸರ ನಡುವೆ ಕೂತಿದ್ದ ಮುದುಕಿ ಗಂಗೂ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ಶಾಂತಾರಾಮನ ಬಾಯಲ್ಲಿ 'ಇಲ್ಲ' ಅನ್ನೂ ಶಬ್ದ ಬಂದದ್ದು ನಾ ಒಂದಿನ ಕೇಳ್ಲಿಲ್ಲ."

"ಅದೇ ಫಜೀತಿ ಆಗಿದ್ದು ಅಲ್ಲನಾ ಗಂಗೂಬಾಯಿ," ಎಂದು ಕಂಬಕ್ಕೊರಗಿದ್ದವನೊಬ್ಬ ಶುರು ಮಾಡಿದ. ಶಾಂತಾರಾಮ ಅಂಕೋಲೆಯ ಸೊಸೈಟಿಯಲ್ಲಿ ಅಕ್ಕಿ ಸಕ್ಕರೆ ತೂಗುವ ಕೆಲಸದಲ್ಲಿದ್ದಾಗಿನ ಕತೆ ಅದು. ಸೊಸೈಟಿಯ ದೊಡ್ಡ ಹಂಡೆಯನ್ನು ಒಂದೇ ದಿನದ ಎರಡು ಮದುವೆಗೆ ಕೊಡುತ್ತೇನೆಂದು ಹೂಂ ಅಂದು ಕೂತಿದ್ದ. ಎರಡೂ ಕಡೆಯವರು ಗಾಡಿ ತಂದು ಬಾಗಿಲಲ್ಲಿ ನಿಂತಾಗ ಈ ಮನುಷ್ಯ ಹಿಂಬಾಗಿಲಿನಿಂದ ಜಾರಿ, ಬಸ್ಸು ಹತ್ತಿ, ಮಾಜಾಳಿಯ ಅಕ್ಕನ ಮನೆಯಲ್ಲಿ ಹೋಗಿ ಕೂತ. ಮದುವೆ ಊಟ ಎಲ್ಲ ಮುಗಿದ ಮೇಲೆಯೇ ತಿರುಗಿ ಬಂದದ್ದು.

ಹೆಣದ ಮುಂದೆ ಕೂತು ನಗಬಾರದೆಂದು ಗೊತ್ತಿದ್ದೂ ನಾಲ್ಕು ಜನ ನಕ್ಕರು. ಮಂಗಲಾಳ ತುಟಿಯಲ್ಲೂ ಒಂದು ಎಳೆ ನಗು ಬಂತು. ಹೌದು, ಇವರು ಹಾಗೇ ಇದ್ದರು. ಜಗಳ ಅಂದರೆ ಮಾರು ದೂರ. ಬೈಯುವವರಿಗೂ ಚಹಾ ಮಾಡು ಅನ್ನುವ ಗಂಡಸು. ಅಂಥವರ ಜೊತೆ ಬಾಳಿದ್ದು ತನ್ನ ಭಾಗ್ಯವೇ ಎಂದು ಅವಳಿಗೆ ಅನ್ನಿಸಿ, ಬೆಳಗಿನಿಂದ ಬಾರದ ಅಳು ಆಗ ಬಂತು.

ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ತೋಟದ ಬೇಲಿಯಾಚೆ ನಾಗ ಮತ್ತು ಬೊಮ್ಮಿ ನಿಂತಿದ್ದು ಕಂಡಿತು. ಪಕ್ಕದ ಗದ್ದೆಯವರು. ಅಂಗಳಕ್ಕೆ ಬರುವ ಹಾಗಿಲ್ಲ, ಸಾವಿನ ದಿನ ಬಾರದೇ ಇರುವ ಹಾಗೂ ಇಲ್ಲ. ಗಂಡ ಹೆಂಡತಿ ತಮ್ಮ ಗಡಿಯಲ್ಲೇ ನಿಂತು ಇತ್ತ ನೋಡುತ್ತಿದ್ದರು.

"ಇಂಗಿನ ನಾಗ ಬಂದ, ನೋಡಿ," ಎಂದು ಯಾರೋ ಮೆಲ್ಲಗೆ ಅಂದರು.

*

ಅಣ್ಣತಮ್ಮ ಪಾಲಾದಾಗ ಶಾಂತಾರಾಮನಿಗೆ ಬಂದದ್ದು ಬೋಳು ಗುಡ್ಡದ ಇಳಿಜಾರು. ಚಿರೆಕಲ್ಲು, ಮುಳ್ಳುಕಂಟಿ, ಬೇಸಿಗೆಯಲ್ಲಿ ಕಾಲಿಟ್ಟರೆ ಪಾದ ಸುಡುವ ನೆಲ. ಗಂಡ ಬೆಳಿಗ್ಗೆ ಸೊಸೈಟಿಗೆ ಹೋದರೆ ಬರುವುದು ಸಂಜೆ. ಹೊಸದಾಗಿ ಬಂದ ಮಂಗಲಾಳಿಗೆ ಆ ಬೋಳು ನೋಡಿ ನೋಡಿ ಹುಚ್ಚು ಹಿಡಿಯುವುದೊಂದು ಬಾಕಿ.

ಆಗ ಬೇಲಿಯಾಚೆಯಿಂದ ಬೊಮ್ಮಿ ಬಂದಳು. ಹಾಲಕ್ಕಿ ಒಕ್ಕಲಿನ ಹೆಂಗಸು, ಕಾಯಿಪಲ್ಲೆ ಬೆಳೆದು ಅಂಕೋಲೆ ಪೇಟೆಗೆ ಹೊತ್ತು ಮಾರುವವಳು. ಸೌದೆಗೆಂದು ಗುಡ್ಡ ಹತ್ತಿದಾಗೆಲ್ಲ ಅವಳು ಬುಟ್ಟಿಯ ತಳದಲ್ಲಿ ಒಂದೋ ಎರಡೋ ಸಸಿ ಇಟ್ಟುಕೊಂಡು ಬರುತ್ತಿದ್ದಳು. "ತಕೊ ಮಂಗಲಕ್ಕ, ಇದು ಸುರಗಿ. ಹೂ ಒಣಗಿದ್ರೂ ವಾಸ್ನೆ ಹೋಗೂದಿಲ್ಲ." "ಇದು ಹೆಬ್ಬಲಸು. ಹಂದಾಡ್ದೆ ನಿಲ್ತದೆ, ಗಾಳಿಗೆ ಹೆದ್ರೂದಿಲ್ಲ." ಮುರುಗಲು, ನೇರಳೆ, ವಾಟೆ, ಅಂಟುವಾಳ, ಹೊನ್ನೆ, ರಂಜಲು. ಇಬ್ಬರೂ ಸೇರಿ ಹಾರೆಯಲ್ಲಿ ಕಲ್ಲು ಮೀಟಿ ಗುಂಡಿ ತೋಡಿದರು, ಬಾವಿಯಿಂದ ಕೊಡದಲ್ಲಿ ನೀರು ಹೊತ್ತರು. ಎರಡು ಮನೆಯ ನಡುವೆ ದಾಟಲು ಬೇಲಿಗೆ ಒಂದು ದಣಪೆ ಇತ್ತು. ಆ ದಣಪೆಯ ಬಿದಿರು ಹಗಲಿಡೀ ಸರಿದೇ ಇರುತ್ತಿತ್ತು.

ಮರಗಳು ತಲೆ ಎತ್ತಿದ ಮೇಲೆ ಅವುಗಳ ಕೆಳಗೆ ಕೋಕೋ ಬಂತು. ಕೋಕೋ ನೆರಳಿನ ಗಿಡ, ದೊಡ್ಡವರ ಸೆರಗಿನಡಿ ಬೆಳೆಯುವ ಮಗುವಿನಂಥದು. ಕಾಂಡಕ್ಕೇ ಅಂಟಿ ಸಣ್ಣ ಬಿಳಿ ಹೂ ಬಿಡುತ್ತದೆ, ಆ ಹೂವಿಗೆ ಜೇನು ಬರುವುದಿಲ್ಲ. ಕೊಳೆವ ತರಗೆಲೆಯಡಿ ಹುಟ್ಟುವ, ಕಣ್ಣಿಗೆ ಸರಿಯಾಗಿ ಕಾಣದ ನುಸಿಯೊಂದು ಬಂದು ಕೂತರೆ ಮಾತ್ರ ಕಾಯಿ. ಮರಗಳು ಬಗೆಬಗೆಯವಾದ್ದರಿಂದ ಒಂದು ಎಲೆ ಉದುರಿಸಿದರೆ ಇನ್ನೊಂದು ಚಿಗುರುತ್ತಿತ್ತು, ನೆಲ ವರ್ಷವಿಡೀ ಮೆತ್ತಗಿರುತ್ತಿತ್ತು. ಹಣ್ಣಿಗೆ ಬಂದ ಹಕ್ಕಿ ಹುಳ ಹೆಕ್ಕಿ ಹೋಗುತ್ತಿತ್ತು. ಬೋಳಾಗಿದ್ದ ಗುಡ್ಡದಲ್ಲಿ ನಡು ಮಧ್ಯಾಹ್ನ ಚಾಪೆ ಹಾಸಿ ಮಲಗಬಹುದಾದ ದಿನ ಬಂತು.

ಹಾಗೆ ಮಲಗಿದ್ದ ಒಂದು ಭಾನುವಾರ ಮಂಗಲಾ ಗಂಡನಿಗೆ ಹೇಳಿದ್ದಳು: "ಒಂದು ಮಾತು. ಇಲ್ಲಿ ಯಾವ್ದೇ ಮರ ಕಡೂದಿದ್ರೆ ಇಬ್ರೂ ಒಪ್ಬೇಕು. ಒಬ್ರು ಬ್ಯಾಡ ಅಂದ್ರೆ ಮುಗೀತು. ಆಯ್ತಾ?"

"ಹೂಂ," ಅಂದಿದ್ದ ಶಾಂತಾರಾಮ, ಕಣ್ಣು ಮುಚ್ಚಿಕೊಂಡೇ.

ಆ ಹೂಂ ಅನ್ನು ಅವಳು ತಾಳಿಯಷ್ಟೇ ನಂಬಿದ್ದಳು.

*

ಹುಳಿಮಾವು ಬಿದ್ದ ಸದ್ದು ಜಗಲಿಯವರೆಗೆ ಕೇಳಿತು. ಆಮೇಲೆ ಸುಬ್ಬನ ಕೊಡಲಿ ಒಂದೇ ಲಯದಲ್ಲಿ ಬೀಳುತ್ತಿತ್ತು, ಇದ್ದಕ್ಕಿದ್ದಂತೆ ನಿಂತಿತು.

"ಉಮಾಕಾಂತಣ್ಣಾ, ಇಲ್ಲಿ ಬನ್ನಿ ಒಮ್ಮೆ!"

ಆ ಕೂಗಿನಲ್ಲಿ ಏನೋ ಇತ್ತು, ಗಂಡಸರೆಲ್ಲ ಇಳಿದು ಹೋದರು. ಹೆಂಗಸರು ಕೈಹಿಡಿದು ಕೂರಿಸಲು ನೋಡಿದರೂ ಕೇಳದೆ ಮಂಗಲಾ ಎದ್ದು ಹೋದಳು. ಮರದ ಹತ್ತಿರ ಹೋಗುವ ಮೊದಲೇ ಅವಳ ಮೂಗಿಗೆ ಒಗ್ಗರಣೆಯ ವಾಸನೆ ಬಡಿಯಿತು. ಬೆಳಗಿನ ಚಹಾದ ಮೇಲೆ ಒಲೆ ಹಚ್ಚದ ಮನೆ ಅದು.

ಸುಬ್ಬ ಬುಡದ ತುಂಡನ್ನು ಎರಡಾಗಿ ಸೀಳಿದ್ದ. ತೊಗಟೆಯಿಂದ ತಿರುಳಿನವರೆಗೆ ಓರೆಯಾಗಿ ಬೈರಿಗೆ ಕೊರೆದ ತೂತು, ಸುತ್ತ ಕಪ್ಪಾಗಿ ಕೊಳೆತ ಮರ. ತೂತಿನ ಬಾಯಿಗೆ ಸಗಣಿ ಮಣ್ಣು ಮೆತ್ತಿ ಹೊರಗಿನಿಂದ ತಿಳಿಯದಂತೆ ಮಾಡಿದ್ದರು. ಒಳಗೆ ಬಟ್ಟೆಯಲ್ಲಿ ಬಿಗಿದ ಒಂದು ಸಣ್ಣ ಗಂಟು.

"ಇಂಗು," ಅಂದ ಸುಬ್ಬ. "ಮತ್ತೆ ಅದೇ ಕೆಲ್ಸ."

ಹಸಿ ಮರದ ಬುಡಕ್ಕೆ ಇಂಗು ಇಟ್ಟರೆ ಅದು ಒಳಗಿಂದೊಳಗೆ ಒಣಗಿ ಸಾಯುತ್ತದೆ ಎಂಬುದು ಈ ಕಡೆ ಮಕ್ಕಳಿಗೂ ಗೊತ್ತಿರುವ ಮಾತು. ಇಂಗಿಗೆ ಸಾಯುತ್ತದೋ, ಕೊರೆದ ತೂತಿಗೆ ನೀರಿಳಿದು ಕೊಳೆತು ಸಾಯುತ್ತದೋ, ಬೇಕಾದವರು ಚರ್ಚೆ ಮಾಡಿಕೊಳ್ಳಲಿ. ಮರ ಮಾತ್ರ ಸಾಯುತ್ತದೆ. ಕಡಿದವನ ಹೆಸರೂ ಬರುವುದಿಲ್ಲ, ಕೊಡಲಿಯ ಸದ್ದೂ ಆಗುವುದಿಲ್ಲ. ಹೇಡಿಗಳಿಗೆ ಇದಕ್ಕಿಂತ ಒಳ್ಳೆಯ ಹತ್ಯಾರು ಇನ್ನೊಂದಿಲ್ಲ.

ಉಮಾಕಾಂತನ ಮುಖ ಕೆಂಪಾಯಿತು. ಬೇಲಿಯ ಕಡೆ ತಿರುಗಿ, "ಎಂಥ ಜನ್ಮವೋ ನಿಂದು! ಮನುಷ್ಯ ಸತ್ತು ಮಲಗಿದ ದಿನವೇ ನಿನ್ನ ಬಣ್ಣ ಹೊರಗೆ ಬಿತ್ತು, ನೋಡು," ಎಂದು ಗರ್ಜಿಸಿದ.

"ನಾ ಮಾಡ್ಲಿಲ್ಲ," ಅಂದ ನಾಗ. ಅವನ ದನಿ ಏರಲಿಲ್ಲ. "ಆಗ್ಲೂ ಹೇಳ್ದೆ, ಈಗ್ಲೂ ಅದನ್ನೇ ಹೇಳ್ತೆ."

"ಮತ್ಯಾರು ಮಾಡಿದ್ರು? ಆಕಾಶದಿಂದ ಬಂದ್ರಾ?"

"ಇವತ್ತು ಬ್ಯಾಡ," ಎಂದು ಹಿರಿಯರೊಬ್ಬರು ಉಮಾಕಾಂತನ ತೋಳು ಹಿಡಿದರು. "ಸೂತಕದ ದಿವಸ ಎಲ್ಲ ಕಳೀಲಿ. ಆಮೇಲೆ ಊರವರು ಕೂತು ಇವ್ನ ವಿಷಯ ತೀರ್ಮಾನ ಮಾಡ್ವ. ಹಿಂಗೆ ಬಿಟ್ರೆ ನಾಳೆ ನಮ್ಮ ತೆಂಗಿಗೂ ಇಡ್ತ."

ಈ ಗದ್ದಲದ ನಡುವೆ ಮಂಗಲಾ ಬಗ್ಗಿ ಆ ಗಂಟನ್ನು ಎತ್ತಿಕೊಂಡಿದ್ದಳು. ಕೊಳೆತು ಕಂದಾಗಿದ್ದ ಬಟ್ಟೆಯ ಒಂದು ಮೂಲೆ ಮಾತ್ರ ಇನ್ನೂ ಹಸಿರಾಗಿತ್ತು, ಅದಕ್ಕೆ ಹಳದಿಯ ಚೌಕುಳಿ ಅಂಚು. ಅವಳ ಸೀಮಂತಕ್ಕೆ ತವರಿನಿಂದ ಬಂದ ಸೀರೆ ಅದು. ಉಟ್ಟು ಹರಿದ ಮೇಲೆ ಕೋಕೋ ಗಿಡಕ್ಕೆ ಕಸಿ ಕಟ್ಟಲೆಂದು ಅವಳೇ ಪಟ್ಟಿ ಪಟ್ಟಿಯಾಗಿ ಸೀಳಿ, ಅಟ್ಟದ ಬುಟ್ಟಿಯಲ್ಲಿ ಹಾಕಿಟ್ಟಿದ್ದಳು. ಕಸಿಗೆ ಪ್ಲಾಸ್ಟಿಕ್ ಟೇಪು ಬಂದ ಮೇಲೆ ಆ ಬುಟ್ಟಿ ಅಟ್ಟದಿಂದ ಇಳಿದಿರಲಿಲ್ಲ.

ನಾಗನೇ ಕದ್ದಿರಬೇಕು ಎಂದು ಅವಳ ಮನಸ್ಸು ಕೂಡಲೇ ಹೇಳಿತು. ಯಾವುದೋ ಹಳೆಯ ಗಿಡಕ್ಕೆ ಕಟ್ಟಿದ್ದನ್ನು ಬಿಚ್ಚಿಕೊಂಡಿರಬೇಕು. ಮತ್ತೆ ಅದೇ ಮನಸ್ಸು, ಕಟ್ಟಿದ ಪಟ್ಟಿ ಇಷ್ಟು ವರ್ಷ ಮಳೆಗೆ ಉಳಿಯುತ್ತದೆಯೇ ಎಂದು ಕೇಳಿತು. ಅಟ್ಟ ಹತ್ತುವವರು ಈ ಮನೆಯಲ್ಲಿ ಇಬ್ಬರೇ. ಅವಳ ಮಂಡಿ ನೋವಿಗೆ ಅವಳು ಹತ್ತುವುದು ಬಿಟ್ಟು ಕಾಲವಾಗಿತ್ತು.

ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳು ಅಲ್ಲೇ ನಿಂತಳು. ಬೇಲಿಯಾಚೆ ಬೊಮ್ಮಿ ಅವಳ ಮುಖವನ್ನೇ ನೋಡುತ್ತಿದ್ದಳು.

*

ಕೋಕೋ ಕೊಳ್ಳುವ ಕಂಪನಿಯ ಹುಡುಗ ರವಿಕಿರಣ ಬೈಕಿನಲ್ಲಿ ಬರುತ್ತಿದ್ದ. ಕೆಟ್ಟವನಲ್ಲ, ಕೊಟ್ಟ ಮಜ್ಜಿಗೆ ಕುಡಿದು ಲೋಟ ತೊಳೆದಿಟ್ಟು ಹೋಗುವಂಥವನು. ತೋಟ ಸುತ್ತಿ ಬಂದವನೇ ಹೇಳಿದ್ದ: "ಅಕ್ಕಾ, ಇದು ತೋಟ ಅಲ್ಲ, ಕಾಡು. ಮಳೆಗಾಲದಲ್ಲಿ ಬಿಸಿಲೇ ಇಳಿಯದಿದ್ದರೆ ಕಾಯಿ ಕೊಳೀದೇ ಇನ್ನೇನಾಗ್ತದೆ? ಅರ್ಧ ಮರ ತೆಗೀರಿ. ಒಂದೆರಡು ಜಾತಿ ಇಟ್ಕೊಂಡು ಸಾಲಾಗಿ ಬಿಡಿ. ಇಳುವರಿ ನೀವೇ ನೋಡ್ತೀರಿ."

ಅವನ ಮಾತಿನಲ್ಲಿ ಪೂರ್ತಿ ಸುಳ್ಳಿರಲಿಲ್ಲ. ಆಷಾಢದಲ್ಲಿ ಕಪ್ಪಾಗಿ ಕೊಳೆತ ಕಾಯಿ ಬುಟ್ಟಿ ಬುಟ್ಟಿ ಹೊತ್ತು ಹೂತದ್ದು ಮಂಗಲಾಳೇ. "ಕೊಂಬೆ ಸವರ್ವ. ಬಿಸ್ಲು ಬೇಕಾದಷ್ಟು ಇಳೀತದೆ. ಮರ ಮಾತ್ರ ಇರ್ಲಿ," ಅಂದಳು ಅವಳು.

"ಹೂಂ," ಅಂದ ಶಾಂತಾರಾಮ ಹೆಂಡತಿಗೆ. ರವಿಕಿರಣನನ್ನು ಬೈಕಿನವರೆಗೆ ಬಿಟ್ಟುಬರಲು ಹೋದವನು ಅಲ್ಲಿಯೂ ಬಹಳ ಹೊತ್ತು ತಲೆಯಾಡಿಸಿದ್ದು ಅಡುಗೆಮನೆಯ ಕಿಟಕಿಯಿಂದ ಅವಳಿಗೆ ಕಂಡಿತ್ತು. ಅವರ ಸ್ವಭಾವ ಅದು, ಬಂದವರ ಮನಸ್ಸು ನೋಯಿಸುವವರಲ್ಲ ಎಂದುಕೊಂಡಿದ್ದಳು.

ಮುಂದಿನ ಮಳೆಗಾಲದಲ್ಲಿ ಲೋಕವೆಲ್ಲ ಹಸಿರಾಗಿರುವಾಗ ಗಡಿಯ ಹೆಬ್ಬಲಸು ಎಲೆ ಉದುರಿಸಿ ನಿಂತಿತು. ತೊಗಟೆ ಕೆದಕಿ ನೋಡಿದರೆ ತೂತು, ಇಂಗಿನ ನಾತ. ಆ ಮರದ ನೆರಳು ತನ್ನ ಹರಿವೆ ಮಡಿಗೆ ಬೀಳುತ್ತದೆ ಎಂದು ನಾಗ ಒಮ್ಮೆ ಗೊಣಗಿದ್ದ. ಅಷ್ಟು ಸಾಕಾಯಿತು. ಮಂಗಲಾ ದಣಪೆ ದಾಟಿ ಅವನ ಅಂಗಳದಲ್ಲಿ ನಿಂತು ಊರು ಕೇಳುವಂತೆ ಬೈದಳು. ಜನ ಸೇರಿದರು. ಬೊಮ್ಮಿ ಒಂದೇ ಮಾತು ಕೇಳಿದಳು.

"ಮಂಗಲಕ್ಕ, ಆ ಗಿಡ ತಂದ್ಕೊಟ್ಟದ್ದು ನಾನು. ನಾನೇ ಕೊಲ್ಲೂಕೆ ಬಿಡ್ತಿದ್ನಾ?"

ಆ ಮಾತಿಗೆ ಮಂಗಲಾ ಒಂದು ಕ್ಷಣ ಅಳುಕಿದ್ದು ನಿಜ. ಹಿಂದೆ ನಿಂತಿದ್ದ ಗಂಡನ ಕಡೆ ತಿರುಗಿ ಕೇಳಿದಳು: "ನೀವೇ ಹೇಳಿ. ಇದು ನಾಗಂದೇ ಕೆಲ್ಸ ಅಲ್ಲನಾ?"

ಎಲ್ಲರೂ ಶಾಂತಾರಾಮನ ಮುಖ ನೋಡಿದರು. ಸುಳ್ಳಾಡದ ಮನುಷ್ಯ, ತೂಕದಲ್ಲಿ ಒಂದು ಕಾಳು ಹೆಚ್ಚು ಕಡಿಮೆ ಮಾಡದವನು. ಅವನು ನೆಲ ನೋಡುತ್ತ, "ಹೂಂ," ಅಂದ.

ಅಂದಿನಿಂದ ನಾಗನಿಗೆ ಇಂಗಿನ ನಾಗ ಎಂಬ ಹೆಸರು ಬಿತ್ತು. ಯಾರ ಮನೆಯ ಮರ ಯಾವ ರೋಗಕ್ಕೆ ಒಣಗಿದರೂ ಜನ ಅವನ ಕಡೆ ಬೆರಳು ಮಾಡಿದರು. ಅವನ ಮಗಳು ಅಮಿತಾಳನ್ನು ನೋಡಲು ಬಂದವರು ಊರ ಬಾಯಲ್ಲಿ ಈ ಹೆಸರು ಕೇಳಿ, ಹಿಂತಿರುಗಿ ಬರಲಿಲ್ಲ. ದಣಪೆಗೆ ಮಂಗಲಾ ಮುಳ್ಳು ಹೇರಿಸಿದಳು. ಮುಂದೆ ಸುರಗಿ ಸತ್ತಿತು, ಅಂಟುವಾಳ ಸತ್ತಿತು. ಒಂದೊಂದು ಸತ್ತಾಗಲೂ ಅವಳು ಬೇಲಿಯ ಬಳಿ ನಿಂತು ಶಾಪ ಹಾಕಿದಳು. ಶಾಂತಾರಾಮ ಒಳಗಿನಿಂದ ಬಂದು, ಸಾಕು ಬಾ, ಬಿ.ಪಿ. ಏರ್ತದೆ ನಿಂಗೆ, ಎಂದು ತೋಳು ಹಿಡಿದು ಕರೆದೊಯ್ಯುತ್ತಿದ್ದ. ಕುಡಿಯಲು ನೀರು ಕೊಡುತ್ತಿದ್ದ.

ಬಿಸಿಲು ಇಳಿದ ಕಡೆಯಲ್ಲಿ ಮೊದಲ ವರ್ಷ ಕೋಕೋ ಚೆನ್ನಾಗಿಯೇ ಬಿಟ್ಟಿತು. "ನಮ್ಗೆ ಕೇಡು ಬಗೆದವ್ನಿಂದ್ಲೂ ದೇವ್ರು ಒಳ್ಳೇದೇ ಮಾಡಿಸ್ದ," ಎಂದು ಅವಳೇ ಖುಷಿಯಲ್ಲಿ ಗಂಡನಿಗೆ ಹೇಳಿದ್ದಳು. ಮರುವರ್ಷದ ಬೇಸಿಗೆಗೆ ಅಲ್ಲಿನ ಎಲೆ ಸುಟ್ಟು ಮುರುಟಿದವು.

*

ಹೆಣಕ್ಕೆ ಸ್ನಾನ ಮಾಡಿಸಲು ನೀರು ಕಾಯಿಸುತ್ತಿದ್ದ ಹಿತ್ತಲಲ್ಲಿ ಸಂಕೇತ ಒದ್ದೆ ಪಂಚೆ ಉಟ್ಟು ನಿಂತಿದ್ದ. ಒಬ್ಬನೇ ಮಗ, ಕಾರವಾರದಲ್ಲಿ ನೌಕರಿ. ಮಂಗಲಾ ಅವನ ಮುಂದೆ ಹೋಗಿ ಮುಷ್ಟಿ ಬಿಚ್ಚಿ ಗಂಟು ತೋರಿಸಿದಳು.

"ಆಯಿ, ಈಗ ಬ್ಯಾಡ," ಅಂದ ಸಂಕೇತ ತಟ್ಟನೆ. "ಎಲ್ಲ ಮುಗೀಲಿ. ಆಮೇಲೆ ಮಾತಾಡ್ವ."

"ಎಂತ ಮಾತಾಡ್ವ? ನಾನಿನ್ನೂ ಎಂತದೂ ಕೇಳ್ಲಿಲ್ವಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಸಂಕೇತನ ಮುಖದ ಬಣ್ಣ ಇಳಿಯಿತು. ಅವನು ಒಲೆಯ ಕಡೆ ನೋಡಿದ, ಬಾವಿಯ ಕಡೆ ನೋಡಿದ, ಮತ್ತೆ ಆಯಿಯ ಮುಖ ನೋಡಲೇಬೇಕಾಯಿತು.

"ನಿಂಗೆ ಗೊತ್ತಿತ್ತು," ಅಂದಳು ಮಂಗಲಾ.

"ಅಪ್ಪ ಫೋನ್ ಮಾಡಿ ಒಳ್ಳೆ ಇಂಗು ತಕೊಬಾ ಅಂದ. ಉಪ್ಪಿನಕಾಯಿಗೆ ಅಂದ್ಕಂಡೆ. ತಂದ್ಕೊಟ್ಟೆ. ಎಂತಕ್ಕೆ ಅಂತ ಗೊತ್ತಾದದ್ದು ನೀನು ನಾಗಣ್ಣನ ಅಂಗಳದಲ್ಲಿ ಗಲಾಟೆ ಮಾಡಿದ ಮೇಲೆ."

"ಗೊತ್ತಾದ ಮೇಲೆ?"

"ಅಪ್ಪ ಕೈ ಮುಗ್ದ, ಆಯಿ. ನನ್ನ ಮುಂದೆ. ನಿನ್ನ ಆಯಿ ಹೂಂ ಅನ್ನೂದಿಲ್ಲ, ಕೇಳಿದ್ರೆ ಮನೇಲಿ ಮಾತು ನಿಲ್ತದೆ, ಅದ್ಕೇ ಹಿಂಗೆ ಮಾಡ್ದೆ ಅಂದ. ಹೇಳ್ಬ್ಯಾಡ ಅಂದ. ಎಂತ ಮಾಡ್ಲಿ ನಾನು?"

ಮಂಗಲಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇರೆಯವರ ಬೇಲಿಗೆ ಅವಳು ಇಷ್ಟು ವರ್ಷ ಮುಳ್ಳು ಹೇರಿದ್ದಳು. ತಾನು ಶಾಪ ಹಾಕುವಾಗ ತೋಳು ಹಿಡಿದು ಕರೆದೊಯ್ದ ಕೈ, ನೀರಿನ ಲೋಟ ಕೊಟ್ಟ ಕೈ, ಅದೇ ಕೈಯಲ್ಲಿ ಬೈರಿಗೆ ಇತ್ತಲ್ಲ. ಜಗಳ ಆಡಿ, ಬೈದು, ಎದುರಿಗೇ ನಿಂತು ಕಡಿದಿದ್ದರೆ ಅವಳು ಅತ್ತು, ಉಪವಾಸ ಬಿದ್ದು, ಕಡೆಗೆ ಹೇಗೋ ಒಪ್ಪಿಕೊಳ್ಳುತ್ತಿದ್ದಳು. ಈ ಒಳ್ಳೆಯತನವನ್ನು ಏನು ಮಾಡುವುದು?

"ಜನ್ರ ಮುಂದೆ ಹೇಳು," ಅಂದಳು.

"ಹುಚ್ಚಾ ಆಯಿ? ಇವತ್ತು? ಅಪ್ಪನ ಹೆಣ ಜಗಲಿಯಲ್ಲಿ ಇಟ್ಕೊಂಡು?"

"ದಿವಸ ಕಳೆದ ಮೇಲೆ ನಾಗನ ವಿಷಯ ತೀರ್ಮಾನ ಮಾಡ್ತ್ರಂತೆ. ಕೇಳ್ಲಿಲ್ವಾ ನೀನು?"

ಅಷ್ಟರಲ್ಲಿ ಉಮಾಕಾಂತ ಹಿತ್ತಲಿಗೆ ಬಂದ. ಮಂಗಲಾ ಅವನಿಗೂ ಗಂಟು ತೋರಿಸಿ, ಇದು ನನ್ನ ಸೀರೆ, ಮರ ಕ್ವಂದದ್ದು ನಿಮ್ಮ ಅಣ್ಣ, ಎಂದು ನೇರವಾಗಿ ಹೇಳಿದಳು. ಉಮಾಕಾಂತ ಬಟ್ಟೆ ನೋಡಿದ, ಸಂಕೇತನ ಮುಖ ನೋಡಿದ, ಅವನಿಗೂ ತಿಳಿಯಿತು. ತಿಳಿದೂ ಹೇಳಿದ: "ವೈನಿ, ದುಃಖದಲ್ಲಿ ನಿಮ್ಗೆ ಏನೇನೋ ಕಾಣ್ತದೆ. ಹೋದವನ ಹೆಸ್ರು ಕೆಡಿಸಿ ನಮ್ಗೆ ಬರೂದೆಂತ? ನಾಗಂಗೆ ಹೇಗೂ ಆ ಹೆಸ್ರು ಬಿದ್ದಾಗಿದೆ. ಅಂವ ರೂಢಿ ಮಾಡ್ಕಂಡಿದಾನೆ."

ಮಂಗಲಾ ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಗಂಡನಿಗೆ ಸ್ನಾನವಾಯಿತು, ಹೊಸ ಪಂಚೆ ಉಡಿಸಿದರು, ಹಣೆಗೆ ಗಂಧ ಹಚ್ಚಿದರು. ತುಳಸಿ ನೀರು ಬಿಡಲು ಅವಳನ್ನು ಕರೆದಾಗ ಅವಳು ಹೋಗಿ ಬಿಟ್ಟಳು. ನೀರು ತುಟಿಯ ಮೂಲೆಯಿಂದ ಇಳಿದು ಕಿವಿಯ ಬಳಿ ನಿಂತಿತು. ಮುಖ ಎಂದಿನ ಹಾಗೆ ಸಮಾಧಾನವಾಗಿಯೇ ಇತ್ತು. ಆ ಸಮಾಧಾನ ನೋಡಿ ಅವಳ ಮೈ ಉರಿಯಿತು.

ಸಂಕೇತ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟು ಎದ್ದರು. ಹೆಂಗಸರ ಅಳು ಒಮ್ಮೆಲೇ ಏರಿತು. ಚಟ್ಟ ಅಂಗಳದ ಅಂಚಿಗೆ, ಬೇಲಿಯ ಪಕ್ಕದ ಕಾಲುದಾರಿಗೆ ಬಂದಾಗ ಮಂಗಲಾ ಓಡಿಬಂದು ಹಿಂದಿನ ಬಿದಿರನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ನಿಲ್ಲಿ."

ಹೆಗಲು ಕೊಟ್ಟವರು ತಡವರಿಸಿದರು. ಮಂಗಲಾಳ ಅಳು ಉಕ್ಕಿಬಂತೆಂದುಕೊಂಡು ಗಂಗೂ ಬಂದು ಅವಳ ಭುಜ ಹಿಡಿದಳು. "ಬಿಡು ಮಗಾ, ಕಳ್ಸಿಕೊಡು. ಹೋಗೂರನ್ನ ತಡೀಬಾರ್ದು."

"ನಾನು ಅಳ್ತಾ ಇಲ್ಲ, ಗಂಗೂಬಾಯಿ," ಅಂದಳು ಮಂಗಲಾ. ನಿಜವಾಗಿಯೂ ಅವಳ ಕಣ್ಣು ಒಣಗಿತ್ತು. "ಮರಕ್ಕೆ ಇಂಗು ಇಟ್ಟದ್ದು ನಾಗ ಅಲ್ಲ. ಇವ್ರು. ಇಲ್ಲಿ ಮಲಗಿದಾರಲ್ಲ, ಇವ್ರು."

ಒಂದು ಗಳಿಗೆ ಯಾರಿಗೂ ಮಾತು ಅರ್ಥವಾದಂತೆ ಕಾಣಲಿಲ್ಲ. ಆಮೇಲೆ ಉಮಾಕಾಂತ ಕೈ ಬೀಸಿ, "ಪಾಪ, ತಲೆ ಸ್ಥಿರ ಇಲ್ಲ. ನಡೀರಿ ನಡೀರಿ," ಅಂದ. ಜನ ತಲೆಯಾಡಿಸಿದರು. ಪಾಪ, ಎಂದು ಹೆಂಗಸರು ಹೇಳಿಕೊಂಡರು. ನಂಬುವ ಮನಸ್ಸು ಅಲ್ಲಿ ಒಬ್ಬರಿಗೂ ಇರಲಿಲ್ಲ. ಶಾಂತಾರಾಮನಂಥ ಶಾಂತಾರಾಮ! ಚಟ್ಟ ಒಂದು ಹೆಜ್ಜೆ ಮುಂದೆ ಹೋಯಿತು, ಬಿದಿರು ಬಿಡದ ಮಂಗಲಾಳೂ ಒಂದು ಹೆಜ್ಜೆ ಎಳೆಸಿಕೊಂಡು ಹೋದಳು.

"ಸಂಕೇತಾ," ಎಂದು ಕೂಗಿದಳು. "ಹೇಳಿ ಹೋಗು. ನೀ ಹೇಳೂವರೆಗೆ ನಾ ಬಿಡೂದಿಲ್ಲ."

ಎತ್ತಿದ ಚಟ್ಟವನ್ನು ಮನೆಯೆದುರು ಮತ್ತೆ ಇಳಿಸುವ ಹಾಗಿಲ್ಲ. ಬಿದಿರು ಹಿಡಿದವಳನ್ನು ದೂಡಿ ಒಯ್ಯುವ ಹಾಗೂ ಇಲ್ಲ. ಹೊತ್ತವರ ಕುತ್ತಿಗೆಯಲ್ಲಿ ನರ ಉಬ್ಬಿದವು. ಸಂಕೇತನ ಕೈಯ ಮಡಕೆಯಿಂದ ಹೊಗೆ ಅವನ ಮುಖಕ್ಕೇ ಬರುತ್ತಿತ್ತು. ಬೇಲಿಯಾಚೆ, ಕೈಗೆಟುಕುವಷ್ಟು ಹತ್ತಿರ, ನಾಗ ತಲೆಯ ಮೇಲಿನ ಟವೆಲು ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

"ಅಪ್ಪನೇ," ಅಂದ ಸಂಕೇತ. ಹೊಗೆಗೆ ಕೆಮ್ಮಿ ಮತ್ತೆ ಹೇಳಿದ. "ಆಯಿ ಹೇಳಿದ್ದು ಖರೆ. ಎಲ್ಲ ಮರ ಅಪ್ಪನೇ ಕ್ವಂದದ್ದು. ಇಂಗು ತಂದ್ಕೊಟ್ಟವ ನಾನು. ನಾಗಣ್ಣ ಎಂತದೂ ಮಾಡ್ಲಿಲ್ಲ."

ಹೆಂಗಸರ ಅಳು ನಿಂತಿತು. ಸುಬ್ಬ ತಲೆ ತಗ್ಗಿಸಿದ. ಊರವರು ಕೂತು ತೀರ್ಮಾನ ಮಾಡುವ ಎಂದಿದ್ದ ಹಿರಿಯರು ದೂರದ ತೆಂಗಿನ ಮರ ನೋಡುತ್ತ ನಿಂತರು. ಮಂಗಲಾ ಬಿದಿರು ಬಿಟ್ಟಳು. ಹೊತ್ತವರು ಬಿಟ್ಟರೆ ಸಾಕೆಂಬಂತೆ ಬೇಗ ಬೇಗ ನಡೆದರು.

ಅವಳು ಬೇಲಿಯ ಕಡೆ ತಿರುಗಿದಳು. "ಬೊಮ್ಮಿ," ಅಂದಳು. "ನಂಗೂ ಮೋಸ ಆಯ್ತೇ, ಬೊಮ್ಮಿ. ನಂಗೂ ಗೊತ್ತಿರ್ಲಿಲ್ಲ."

ಬೊಮ್ಮಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಮಂಗಲಾಳಿಗೆ ಹಗುರಾಗುತ್ತಿತ್ತು.

"ಅವ್ರು ನಿಮ್ಮ ಗಂಡ. ಅವ್ರು ಹೇಳಿದ್ದು ನೀವು ನಂಬಿದ್ರಿ. ಅದು ಸೈ," ಅಂದಳು ಬೊಮ್ಮಿ. ಜೀವಮಾನವಿಡೀ ನೀನು ಎಂದು ಕರೆದವಳು. "ನಾ ಹೇಳಿದ್ದೂ ನಿಮ್ಮ ಕಿವಿಗೆ ಬಿದ್ದಿತ್ತು, ಮಂಗಲಕ್ಕ."

ನಾಗ ಟವೆಲು ಕೊಡವಿ ತಲೆಗೆ ಸುತ್ತಿಕೊಂಡು ಗದ್ದೆಯ ಕಡೆ ಹೊರಟ. ನೆರೆಯ ಹೆಣಕ್ಕೆ ಬೆಂಕಿ ಬೀಳುವ ತನಕ ಅಲ್ಲಿ ಯಾರೂ ಗದ್ದೆಗೆ ಇಳಿಯುವುದಿಲ್ಲ. ಎಷ್ಟೇ ವೈರವಿದ್ದರೂ ಅಷ್ಟು ಮರ್ಯಾದೆ ಎಲ್ಲರೂ ಇಟ್ಟುಕೊಂಡು ಬಂದಿದ್ದರು. ಚಟ್ಟ ಇನ್ನೂ ಸಮುದ್ರದ ಕಡೆಯ ತಿರುವು ದಾಟಿರಲಿಲ್ಲ, ಅಷ್ಟರಲ್ಲಿ ನಾಗನ ಪಂಪು ಗುಡುಗುಡು ಎಂದು ಶುರುವಾಯಿತು. ಹೊತ್ತವರು ಒಮ್ಮೆ ನಿಂತು ತಿರುಗಿ ನೋಡಿದರು, ಉಮಾಕಾಂತನೂ ನೋಡಿದ. ಒಬ್ಬರಿಗೂ ಕೂಗಿ ನಿಲ್ಲಿಸು ಅನ್ನುವ ಬಾಯಿ ಬರಲಿಲ್ಲ.

ಪೈಪಿನಿಂದ ನೀರು ಕೆಂಪು ಮಣ್ಣಿಗೆ ಬಿದ್ದು ಹರಿವೆ ಮಡಿಯ ಕಡೆ ಹರಿಯಿತು. ಬೊಮ್ಮಿ ಸೀರೆ ಎತ್ತಿ ಕಟ್ಟಿ, ಬೇಲಿಗೆ ಬೆನ್ನು ಮಾಡಿ, ಬಗ್ಗಿ ಕೈಯಿಂದಲೇ ಒಂದೊಂದು ಮಡಿಯ ಬಾಯಿ ಬಿಡಿಸುತ್ತ ಹೋದಳು.